ಅಕ್ರೋಟಿನ ಚಿಪ್ಪು

ತುರ್ಕರ ವೈದ್ಯಪದ್ಧತಿ, ಆಚಾರಗಳನ್ನು ಬರೆದುಕೊಳ್ಳಲು ಇಸ್ತಾಂಬುಲಿಗೆ ಬಂದಿದ್ದ ದೊರೆಸಾನಿ ತನ್ನ ಮಗನಿಗೂ ಅವರ ಚಿಕಿತ್ಸೆ ಮಾಡಿಸಿದ್ದಳು. ಸಿಡುಬು ಬಾರದಿರಲೆಂದು ಒಬ್ಬ ಮುದುಕಿ ಸಿಡುಬಿನದೇ ಕೀವನ್ನು ಅವನ ತೋಳಿಗೆ ಚುಚ್ಚಿದ್ದಳು. ಆ ಊರಲ್ಲಿ ನೆಲೆಸಿದ್ದ, ದೊರೆಸಾನಿಯ ದೇಶದವರೇ ಆದ ಡಾಕ್ಟರು ಅಂದು ಕೂಗಾಡಿದ್ದರು: "ಇದು ವಿಷ! ಮಗು ಸತ್ತರೆ ನನ್ನನ್ನ ಕರೀಬೇಡಿ."

ಮಗು ಸಾಯಲಿಲ್ಲ. ಎರಡು ದಿನ ಜ್ವರ ಬಂದು, ತೋಳಿನ ಮೇಲೊಂದು ಬೊಕ್ಕೆ ಎದ್ದು, ಈಗ ಅಂಗಳದಲ್ಲಿ ಆಡುತ್ತಿತ್ತು.

ಎಂಟನೆಯ ದಿನ ಮುದುಕಿ ಸೂಜಿ ಮತ್ತು ಖಾಲಿ ಅಕ್ರೋಟಿನ ಚಿಪ್ಪು ಹಿಡಿದು ಮತ್ತೆ ಬಂದಳು.

"ಇನ್ನೇನು ಬೇಕು ನಿನಗೆ?" ದೊರೆಸಾನಿ ಕೇಳಿದಳು.

"ಅವನ ಬೊಕ್ಕೆಯಿಂದ ಒಂದು ಹನಿ. ಇನ್ನೊಂದು ಮಗೂಗೆ ಹಾಕ್ಬೇಕು. ನಿಮ್ಮ ಮಗನಿಗೆ ಹಾಕಿದ್ದು ನನ್ನ ಮೊಮ್ಮಗಳ ತೋಳಿಂದು. ಕೇಳಿದ್ರೆ ಇಲ್ಲಿ ಯಾರೂ ಕೊಡಲ್ಲ ಅನ್ನಲ್ಲ."

"ನಿಮ್ಮ ಕೊಳಕು ಪದ್ಧತಿ ನಿಮಗಿರಲಿ. ನನ್ನ ಮಗನ ಮೈಯಿಂದ ತೆಗೆದದ್ದು ಯಾವುದೋ ಮಗುವಿನ ಮೈಗೆ ಸೇರೋದು ಬೇಡ. ನಡಿ ಆಚೆ."

"ನಾಳೆಗೆ ಬೊಕ್ಕೆ ಒಣಗುತ್ತೆ. ಆ ಮಗು ಇರೋ ಬೀದೀಲಿ ಆಗ್ಲೇ ಮೂರು ಹೆಣ ಬಿದ್ದಿವೆ."

"ಬೀಳಲಿ. ನನಗೇನು?"

ಮುದುಕಿ ಸೂಜಿಯನ್ನು ಮುಸುಕಿನ ಅಂಚಿಗೆ ಚುಚ್ಚಿಕೊಂಡು, ಬಾಗಿಲಾಚೆ ನಿಂತವರನ್ನು ಕೂಗಿದಳು:

"ಮಗಳನ್ನ ಮನೆಗೆ ಕರ್ಕೊಂಡು ಹೋಗಿ, ಡಾಕ್ಟರೇ. ದೊರೆಸಾನಿ ಕೊಡಲ್ವಂತೆ."