ಐದು ಬಡಿಗೆ

ಭವಿಷ್ಯ ಹೇಳುವ ಟ್ಯಾರೋ ಕಾರ್ಡನ್ನು ಮಗುಚಿ ಹಾಕಿದ್ದೇ ತಡ, ಶ್ವೇತಾಳ ಮುಖ ಸಪ್ಪಗಾಯಿತು. ಕಾರ್ಡಿನಲ್ಲಿ ಹರೆಯದ ಐದು ಮಂದಿ ಗಂಡಸರು. ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಉದ್ದನೆಯ ಬಡಿಗೆ. ಒಬ್ಬನ ಮೇಲೊಬ್ಬ ಏರಿ ಹೋಗುವಂತೆ ನಿಂತಿದ್ದರು.

“ಬ್ಯಾಡವಾ ಕಾವೇರಿ,” ಎಂದಳು. “ಇದು ಜಗಳದ ಕಾರ್ಡು. ಎಣಿಸಿ ನೋಡು, ಸರಿಯಾಗಿ ಐದು ಮಂದಿ.”

ಕಾವೇರಿ ಎಣಿಸಬೇಕಾಗಿರಲಿಲ್ಲ. ಸಂಬಂಧ ಕೇಳಿ ಬಂದಿದ್ದ ಕರ್ಜಗಿಯ ಮನೆಯಲ್ಲೂ ಅಣ್ಣತಮ್ಮಂದಿರು ಐವರೇ. ನಾಲ್ವರಿಗೆ ಮದುವೆಯಾಗಿದೆ, ಯಾರೂ ಬೇರೆಯಾಗಿಲ್ಲ, ಎಲ್ಲರಿಗೂ ಒಂದೇ ಒಲೆ. ಕೊನೆಯವನಾದ ವಿಜಯಮಹಾಂತೇಶ ಬ್ಯಾಡಗಿಗೆ ಬಂದು ಅವಳನ್ನು ನೋಡಿಕೊಂಡು ಹೋಗಿದ್ದ. ಹುಡುಗ ಅವಳಿಗೆ ಹಿಡಿಸಿದ್ದ. ನಿಜ ಹೇಳಬೇಕೆಂದರೆ ತುಂಬಾನೇ ಹಿಡಿಸಿದ್ದ. ಹೆದರಿಕೆಯೆಲ್ಲ ಆ ತುಂಬಿದ ಮನೆಯದು. ಸಂಜೆ ಮಧ್ಯಸ್ಥರು ಬಂದು ಕೂಡುವುದರೊಳಗೆ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಅದಕ್ಕೇ ಹುಬ್ಬು ತಿದ್ದಿಸುವ ನೆಪ ಮಾಡಿಕೊಂಡು, ಅಜ್ಜಿಯನ್ನೂ ಕರೆದುಕೊಂಡು, ರಾಣೇಬೆನ್ನೂರಿನ ಈ ಗೆಳತಿಯ ಬ್ಯೂಟಿ ಪಾರ್ಲರಿಗೆ ಬಂದಿದ್ದಳು.

ಶ್ವೇತಾ ಮೊಬೈಲಿನಲ್ಲಿ ಇಪ್ಪತ್ತೊಂದು ದಿನ ಟ್ಯಾರೋ ಕಲಿತವಳು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದ್ದಾಳೆ. ಹೋದ ತಿಂಗಳು ಅಗಡಿಯ ಸುಗರಾಬಿಗೆ ‘ದೂರದ ಪ್ರಯಾಣ ಐತಿ’ ಎಂದಿದ್ದಳು. ಅವತ್ತೇ ಸುಗರಾಬಿ ಕೊನೆಯ ಬಸ್ಸು ತಪ್ಪಿಸಿಕೊಂಡು, ಹಾವೇರಿಯಿಂದ ಊರಿನವರೆಗೆ ನಡೆದುಕೊಂಡೇ ಹೋದಳು. ಅಂದಿನಿಂದ ಶ್ವೇತಾಳ ಮಾತಿಗೆ ಭಾರೀ ಬೆಲೆ ಬಂದುಬಿಟ್ಟಿತ್ತು.

ಇಷ್ಟು ಹೊತ್ತೂ ತಿರುಗುವ ಕುರ್ಚಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಮಜಾ ತೆಗೆದುಕೊಳ್ಳುತ್ತಿದ್ದ ಅಜ್ಜಿ ಕರೆವ್ವ ಕಾಲೂರಿ ಕುರ್ಚಿ ನಿಲ್ಲಿಸಿದಳು.

“ಕೊಡಿಲ್ಲೆ ಅದನ್ನ.” ಚಾಳೀಸು ಏರಿಸಿ ಕಾರ್ಡು ನೋಡಿದಳು. “ಯಾರದರ ತಲಿ ಒಡದೈತೇನು?”

“ಇಲ್ಲ.”

“ರಕ್ತ ಬಂದೈತೇನು?”

“ಇಲ್ಲಜ್ಜಿ, ಆದ್ರ...”

“ಮತ್ತ ಜಗಳ ಎಲ್ಲೈತಿ? ಇವು ಬಡಿಗಿ ಅಲ್ಲ, ಹಂದರದ ಗಳ. ಲಗ್ನದ ಹಂದರ ಹಾಕಾಕತ್ತಾರ ಇವರು. ಒಬ್ಬಾಂವ ಎತ್ತು ಅಂತಾನ, ಒಬ್ಬಾಂವ ಇಳಸು ಅಂತಾನ. ಬಾಯಿ ಮಾಡಲಾರದ ಹಂದರ ಹಾಕಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ.”

“ಪುಸ್ತಕದಾಗ ಜಗಳ ಅಂತ ಬರದಾರಜ್ಜಿ!”

“ಬರದಾಂವ ಯಾವಾಗರ ಹಂದರ ಹಾಕಿದ್ದನೇನು? ನೋಡಿಲ್ಲೆ, ನಾಕು ಗಳಕ್ಕ ಜೋಡಿ ಐತಿ. ಐದನೇದು ಒಂಟಿ. ಹಂದರ ಹೆಂಗ ನಿಂದ್ರಬೇಕು? ಅದಕ್ಕ ಒದ್ದಾಡಾಕತ್ತಾರ ಪಾಪ.”

ಕಾವೇರಿಗೆ ನಗು ಬಂತು, ಹೆದರಿಕೆ ಮಾತ್ರ ಹೋಗಲಿಲ್ಲ. ಅಜ್ಜಿಗೆ ಬೇಕಾದದ್ದು ಮೊಮ್ಮಗಳ ಮದುವೆ, ಅವಳು ಗುಡುಗು ಕೇಳಿದರೂ ವಾದ್ಯ ಅನ್ನುವವಳೇ. ಇಬ್ಬರನ್ನೂ ಬಿಟ್ಟು ಕಾವೇರಿ ಸೀದಾ ವಿಜಯಮಹಾಂತೇಶನಿಗೇ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

“ಹಲೋ” ಅನ್ನುವ ಮೊದಲೇ ಅವನ ಹಿಂದಿನಿಂದ ಗದ್ದಲ ನುಗ್ಗಿತು. “ನಾ ಹಿರ್ಯಾ, ನಾ ಹೇಳಿದ್ದ ಆಗಬೇಕು!” “ಹಿರ್ಯಾ ಆದ್ರ ಏನಾತು, ಕಣ್ಣು ಕಾಣಬೇಕಲ್ಲ!” ಎಲ್ಲೋ ಬಕೆಟ್ಟು ಉರುಳಿ ಬಿದ್ದ ಸದ್ದು. ಶ್ವೇತಾ ಕಾರ್ಡಿನ ಮೇಲೆ ಉಗುರಿನಿಂದ ಎರಡು ಸಲ ಬಡಿದು ತೋರಿಸಿದಳು. ಕಾವೇರಿ ಫೋನಿನತ್ತ ಬಾಗಿದಳು.

“ಏನ್ ಗದ್ಲರಿ ಅದು?”

“ಏನಿಲ್ರಿ... ನಮ್ಮ ಅಣ್ಣಾರು...”

“ಖರೇ ಹೇಳ್ರಿ.”

ಅವನು ಗಂಟಲು ಸರಿಮಾಡಿಕೊಂಡ. “ಮಾಳಿಗಿ ಖೋಲಿಗೆ ಬಣ್ಣ ಹಚ್ಚಾಕತ್ತೇವ್ರಿ. ನಾಕೂ ಅಣ್ಣಾರದು ನಾಕು ಬಣ್ಣ. ಮುಂಜಾನಿಂದ ಬಡದಾಡಾಕತ್ತಾರ.”

“ಯಾರ ಖೋಲಿ?”

“ಅದು... ನಮ್ದರಿ. ನೀವು ಇನ್ನೂ ಹೂಂ ಅಂದಿಲ್ಲ, ಗೊತ್ತೈತ್ರಿ. ನಾ ಬ್ಯಾಡ ಅಂದೆ, ಕೇಳವಲ್ರು. ಹುಡುಗಿ ಬಂದ ಮ್ಯಾಲ ಬಣ್ಣದ ವಾಸನಿಗೆ ತಲಿ ನೋಯಬಾರ್ದು, ಈಗ ಹಚ್ಚಿದ್ರ ವಾಸನಿ ಹೋಗತೈತಿ ಅಂತಾರ.”

ಕಾವೇರಿಗೆ ಯಾಕೋ ಕಣ್ಣು ತುಂಬಿಬಂತು. ಅಷ್ಟರಲ್ಲಿ ಫೋನಿನಲ್ಲಿ ಹಿರಿಯಣ್ಣ ಕೂಗಿದ, “ನಾ ಗುಲಾಬಿ ಡಬ್ಬಿ ತಗದ್ನಿ ನೋಡ್ರೋ!”

“ಏ, ಗುಲಾಬಿ ಬ್ಯಾಡ್ರಿ!” ಕಾವೇರಿ ಎದ್ದೇ ನಿಂತಳು. “ಡಬ್ಬಿ ಮುಚ್ಚಂತ ಹೇಳ್ರಿ ಅವರಿಗೆ! ಗುಲಾಬಿ ಕಂಡ್ರ ನನಗ ಆಗಂಗಿಲ್ಲ. ತಿಳಿ ಹಳದಿ ಹಚ್ರಿ. ನಾ ಬಂದ ಮ್ಯಾಲ ಮತ್ತೊಮ್ಮಿ ಕೆರದು ಹಚ್ಚೋದು ಯಾರಿಗೆ ಬೇಕು?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಕಡೆ ಐದೂ ಗಂಟಲಿನಿಂದ ಒಮ್ಮೆಲೇ ಎದ್ದ ಕೇಕೆಗೆ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು.

ಕರೆವ್ವ ಕನ್ನಡಿಯ ಮುಂದಿದ್ದ ಹುಬ್ಬಿನ ಪೆನ್ಸಿಲ್ಲು ಎತ್ತಿಕೊಂಡಳು. ಶ್ವೇತಾ “ಅಜ್ಜೀ, ನನ್ನ ಕಾರ್ಡು!” ಎಂದು ಕೈ ಚಾಚುವುದರೊಳಗೆ, ಐದನೆಯವನ ಮಗ್ಗುಲಿಗೆ ನೆಟ್ಟಗೆ ಒಂದು ಗೆರೆ ಎಳೆದು ಕೊಟ್ಟಳು.

“ತಗೋ, ಆರನೇ ಗಳ. ಈಗ ನಿಂತಿತು ನೋಡು ಹಂದರ.”