ಮಿತಿಗಿಂತ ಕಡಿಮೆ

"ಡ್ರೋನ ಇನ್ನೊಂದ್ ಕಿತ ಆರ್ಸವ್ವ," ಎಂದರು ಚಿಕ್ಕಮಲ್ಲಮ್ಮ.

ಅನೀಸಾಳಿಗೆ ರೇಗಿಹೋಯಿತು. ಊರವರ ದೂರಿನ ಮೇಲೆ ಹಂಗಳ ಗ್ರಾಮದ ಈ ಮೊಬೈಲ್ ಟವರಿನ ವಿಕಿರಣ ಅಳೆಯಲು ಗುಂಡ್ಲುಪೇಟೆಯಿಂದ ಬಂದವಳು, ಬೆಳಗಿನಿಂದ ಗಾಳಿಯ ಜೊತೆ, ಡ್ರೋನಿಗೆ ಎರಗುವ ಹದ್ದಿನ ಜೊತೆ ಗುದ್ದಾಡಿ ಸಾಕಾಗಿದ್ದಳು. ಚಿಕ್ಕಮಲ್ಲಮ್ಮನವರ ಮನೆಯ ತಾರಸಿಯ ಮೇಲೆ, ಅಂಗಳದಲ್ಲಿ, ಮಲಗುವ ಕೋಣೆಯ ಕಿಟಕಿಯ ಹತ್ತಿರ, ಅಳೆದಲ್ಲೆಲ್ಲ ಮಿತಿಗಿಂತ ಬಹಳ ಕಡಿಮೆ. ಡ್ರೋನಿಗೆ ಕಟ್ಟಿದ ಮೀಟರಿನ ಅಂಕಿ ತೋರಿಸಹೋದರೆ ಈ ಅಜ್ಜಿ ಪರದೆಯ ಕಡೆ ನೋಡುವುದೇ ಇಲ್ಲ; ಇನ್ನೊಂದು ಸಲ, ಇನ್ನೊಂದು ಸಲ ಅಂತ ಒಂದೇ ಹಟ.

"ಅಜ್ಜಿ, ಬ್ಯಾಟರಿ ಮುಗೀತಾ ಬಂತು. ಎಷ್ಟ್ ಸಲ ಹಾರ್ಸಿದ್ರೂ ಅಷ್ಟೇ ಬರೋದು. ಟವರಿಂದ ನಿಮ್ಮನೆಗೆ ಏನೂ ಆಗಿಲ್ಲ. ಖುಷಿ ಪಡಿ!" ಅಂಗಳದಲ್ಲಿ ನೆರೆದಿದ್ದ ಊರವರಿಗೆಲ್ಲ ಕೇಳುವಷ್ಟು ಜೋರಾಗಿತ್ತು ಅವಳ ದನಿ.

ಹೆಂಗಸರ ಕಣ್ಣುಗಳು ಟವರ್ ಬಿಟ್ಟು, ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಸೊಸೆ ಪವಿತ್ರಳ ಕಡೆಗೆ ಹೊರಳಿದವು. ಪವಿತ್ರ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಚಿಕ್ಕಮಲ್ಲಮ್ಮ ಅನೀಸಾಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. "ಮೆತ್ತಗೆ ಏಳಕಾಗ್ನಿಲ್ವಾ ನಿಂಗೆ? ಅವ್ಳಿಗೆ ಬಸುರು ನಿಲ್ದೇ ಓದಾಗೆಲ್ಲ, ಟವರ್ರಿಂದ ಕಣ್ರವ್ವ, ಟವರ್ರಿಂದ ಅಂತ ನಾನೇ ಊರೆಲ್ಲ ಏಳ್ಕಂಡ್ ಬಂದಿದ್ದೆ. ಇಷ್ಟ್ ದಿನ ಆ ಕಂಬ ಬೈಸ್ಕತಿತ್ತು. ಇನ್ಮ್ಯಾಲೆ ನನ್ ಸೊಸೆ ಬೈಸ್ಕಬೇಕು ಕಣಮ್ಮಿ."