ಮೂರು ದಿನದ ಮಾತು

ಬಾಲಮಂದಿರದ ಹುಡುಗಿಯರಿಗೆ ಮಾತಿನ ಕೊರತೆಯಿತ್ತು. ಸರ್ಕಾರ ಒಬ್ಬೊಬ್ಬರಿಗೆ ದಿನಕ್ಕೆ ಇಪ್ಪತ್ತು ಪದ ಕೊಡುತ್ತಿತ್ತು. ಅವು ಮುಗಿದರೆ ನಾಲಿಗೆ ಆಡಿದರೂ ದನಿ ಬರುತ್ತಿರಲಿಲ್ಲ. ಅಧಿಕಾರಿಗಳಿಗೆ ಐದು ಸಾವಿರ. ಹಾಗಾಗಿ ಪ್ರತಿ ವರ್ಷದ ಮೌಲ್ಯಮಾಪನದಲ್ಲಿ ಮಕ್ಕಳು "ಎಲ್ಲಾ ಚಲೋ ಐತ್ರಿ" ಎಂದು ಎದ್ದು ಹೋಗುತ್ತಿದ್ದರು.

ಈ ಸಲ ಮೌಲ್ಯಮಾಪಕಿ ಫರ್ಜಾನಾ ಎದುರು ಸೂಪರಿಂಟೆಂಡೆಂಟ್ ಶಕುಂತಲಾ ಮೊದಲು ಕುಳಿತರು. ಹೊಸ ಮಂಚ, ಮೊಟ್ಟೆ, ಯೋಗ ಎಂದು ಒಂದು ತಾಸು ಹೊಗಳಿಕೊಂಡರು. ಆಮೇಲೆ ಹದಿಮೂರು ವರ್ಷದ ಹುಲಿಗೆಮ್ಮ ಬಂದಳು.

"ಇಪ್ಪತ್ತೇ ಅದಾವವ್ವಾ, ನೋಡಿ ಖರ್ಚು ಮಾಡು," ಎಂದರು ಫರ್ಜಾನಾ.

"ಅವಸರ ಇಲ್ರಿ ಅಕ್ಕಾರ. ಮೂವತ್ತು ಹುಡುಗ್ಯಾರು ಮೂರು ದಿನ ಬಾಯಿ ಮುಚ್ಕೊಂಡು, ಕೈಗೆ ಕೈ ಹಚ್ಚಿ ತಮ್ಮ ಮಾತೆಲ್ಲಾ ನನಗ ಕೊಟ್ಟಾರ. ಸಂಜಿ ಏಳಕ್ಕ ಸಂಡಾಸಕ್ಕ ಕೀಲಿ ಬೀಳತೈತ್ರಿ. ಸಣ್ಣವು ಹಾಸಿಗ್ಯಾಗ ಉಚ್ಚಿ ಹೊಯ್ದರ, ಅದೇ ಹಾಸಿಗಿ ಹೊತ್ತು ಅಂಗಳದಾಗ ನಿಲ್ಲಬೇಕು. ಹೆಸರು ಹೇಳ್ತೀನಿ, ಬರ್ಕೊಳ್ರಿ."

ಅರ್ಧ ತಾಸು ಹೇಳಿದಳು. ಪಕ್ಕದಲ್ಲೇ ಕುಳಿತಿದ್ದ ಶಕುಂತಲಾ ಅಲ್ಲಗಳೆಯಲು ಬಾಯಿ ತೆರೆದರು. ದನಿ ಬರಲಿಲ್ಲ. ಐದು ಸಾವಿರವೂ ಮೊಟ್ಟೆ, ಯೋಗಕ್ಕೆ ಮುಗಿದಿತ್ತು.

"ನನ್ನವು ಎರಡು ಕೊಡ್ಲೇನ್ರಿ ಮೇಡಮ್ಮಾರ?" ಎಂದಳು ಹುಲಿಗೆಮ್ಮ.

ಫರ್ಜಾನಾ ನಗು ತಡೆದುಕೊಂಡು ಸಂಡಾಸದ ಕೀಲಿಗೆಂದು ಶಕುಂತಲಾ ಕಡೆ ಕೈಚಾಚಿದರು. ಶಕುಂತಲಾ ಸೆರಗಿನಿಂದ ಬೀಗದಕೈ ಬಿಚ್ಚಿ ಕೊಟ್ಟರು. ಕಿಟಕಿಯಾಚೆ ಮೂವತ್ತು ಹುಡುಗಿಯರು ದನಿಯಿಲ್ಲದೆ ಕುಣಿದರು.

ಆ ಮೂರು ದಿನದಲ್ಲಿ ನಾಲ್ವರು ತಾಯಂದಿರು ಫೋನ್ ಮಾಡಿದ್ದರು. ನಾಲ್ವರು ಹುಡುಗಿಯರು ಫೋನ್ ಕಿವಿಗೆ ಹಿಡಿದು ಸುಮ್ಮನೆ ನಿಂತಿದ್ದರು.